ಮೊಟ್ಟೆಗೆ ಹೊದೆಸಿದ ಶಾಲು

ಮಸಿಯಕ್ಕನ ಮುತ್ತಜ್ಜ ದೋಣಿ ಕಟ್ಟುವವನು. ಅವನು ಕಟ್ಟಿದ ದೋಣಿ ಬಂಡೆಗೆ ಬಡಿದರೆ ಬಂಡೆಯೇ ತಪ್ಪಾಯ್ತು ಅನ್ನುತ್ತಿತ್ತಂತೆ. ಮನೆಯವರ ಮಾತು, ಅರ್ಧ ನಂಬಿದರೆ ಸಾಕು. ಅವನ ಮಗ ಗಂಟಜ್ಜ ಬಲೆ ಹೆಣೆಯುವುದರಲ್ಲಿ ಎತ್ತಿದ ಕೈ. ಬಿರುಗಾಳಿಗೆ ಸಿಕ್ಕ ಪರವೂರಿನ ದೋಣಿಯೊಂದನ್ನು ಎಳೆಯಲು ಹಗ್ಗ ಸಾಲದಾದಾಗ, ಆಗಷ್ಟೇ ಹೆಣೆದು ಮುಗಿಸಿದ್ದ ಬಲೆಯನ್ನೇ ಹುರಿಗಟ್ಟಿ ಎಸೆದವನು. ಗಂಟಜ್ಜನ ಮಗಳು, ಅಂದರೆ ಮಸಿಯಕ್ಕನ ತಾಯಿ, ಬಂದರಿನ ಮೀನು ಕಾರ್ಖಾನೆಯಲ್ಲಿ ಕಟ್ಲ್‌ಫಿಶ್ ಎಂಬ ಮೆತ್ತನೆ ಮೈಯ, ಹಲವು ತೋಳಿನ ಕಡಲಜೀವಿಯನ್ನು ಹಸನು ಮಾಡುತ್ತಿದ್ದಳು. ಅದರ ಹೊಟ್ಟೆಯಲ್ಲಿ ಮಸಿ ತುಂಬಿದ ಪುಟ್ಟ ಚೀಲವಿರುತ್ತದೆ. ಉಗುರು ತಾಗಿದರೆ ಮೇಜೆಲ್ಲ ಕಪ್ಪು. ಜೊತೆಯವರು ಸಂಜೆಗೆ ಇದ್ದಿಲು ಮಾರಿ ಬಂದವರಂತೆ ಕಂಡರೆ ಇವಳು ಮದುವೆಮನೆಗೆ ಹೊರಟವಳಂತೆ ಹೊರಬರುತ್ತಿದ್ದಳು. ಅವಳು ಮಗಳಿಗೆ ಬಿಟ್ಟುಹೋದದ್ದು ಒಂದು ಕರಿ ಶಾಲು, ಮೈತುಂಬ ದುಂಡನೆಯ ಬಿಳಿ ಚುಕ್ಕಿ. ಮಗಳು ಕೂಸಾಗಿದ್ದಾಗ ತೊಟ್ಟಿಲಿಗೆ ಬಿಸಿಲು ಬೀಳದಂತೆ ಅದನ್ನೇ ಹೊದೆಸುತ್ತಿದ್ದಳು.

ತಾಯಿಯ ಕೈಗೆ ಸತ್ತ ಕಟ್ಲ್‌ಫಿಶ್ ಬಂದವು, ಮಗಳ ಪಾಲಿಗೆ ಜೀವಂತವೇ ಬಂದವು. ಕಡಲ ದಂಡೆಯ ಸಂಶೋಧನಾಲಯದಲ್ಲಿ ಗಾಜಿನ ತೊಟ್ಟಿ ತೊಳೆಯುವ ಕೆಲಸ. ಸೇರಿದ ಹೊಸತರಲ್ಲಿ ಒಂದು ಕಟ್ಲ್‌ಫಿಶ್ ಅವಳ ಮುಖಕ್ಕೇ ಮಸಿ ಉಗಿಯಿತು. ಅಪ್ಪ ಅಮ್ಮ ಇಟ್ಟ ಹೆಸರು ಅಂದೇ ತೊಳೆದುಹೋಯಿತು.

ಈಗ ತಲೆ ನರೆತು ಸೊಂಟ ಹಿಡಿದುಕೊಂಡಿದೆ. ಆದರೂ ಮೊಟ್ಟೆಕೋಣೆ ಅಂದರೆ ಅವಳಿಗೆ ಜೀವ. ಈ ವರ್ಷ ಮೂಲೆಯ ತೊಟ್ಟಿಯ ದೊಡ್ಡ ಹೆಣ್ಣು ಕಟ್ಲ್‌ಫಿಶ್ ಒಂದೊಂದು ಮೊಟ್ಟೆಗೂ ತನ್ನ ಮಸಿಯನ್ನೇ ಬಳಿದು, ಕರಿದ್ರಾಕ್ಷಿ ಗೊಂಚಲಿನಂತೆ ಇಟ್ಟು ಸತ್ತುಹೋಯಿತು. ಮೊಟ್ಟೆಯಿಟ್ಟ ಮೇಲೆ ಅವು ಬಹಳ ಬಾಳುವುದಿಲ್ಲ. ಮಸಿಯಕ್ಕ ಅಂದು ಊಟ ಮುಟ್ಟಲಿಲ್ಲ.

ಆ ಮೊಟ್ಟೆಗಳ ಮೇಲೆ ಡಾಕ್ಟರಮ್ಮನ ಓದೆಲ್ಲ ನಿಂತಿತ್ತು. ಡಾಕ್ಟರಮ್ಮ ಅಂದರೆ ಮಾತ್ರೆ ಕೊಡುವವಳಲ್ಲ, ಇನ್ನೂ ಎಳೆಯ ಪ್ರಾಯದ ಸಂಶೋಧಕಿ. ಮೊಟ್ಟೆ ಉಬ್ಬಿದಂತೆ ಮಸಿಯ ಹೊದಿಕೆ ತೆಳುವಾಗಿ ಒಳಗಿನ ಮರಿಯ ಕಣ್ಣು ಕಾಣುತ್ತದೆ. ಹಾಗಾದರೆ ಮರಿಯೂ ಹೊರಗಿನದನ್ನು ನೋಡಿ ಕಲಿಯುತ್ತದೆಯೇ? ಇದು ಅವಳ ಪ್ರಶ್ನೆ. ಮೊಟ್ಟೆಗಳನ್ನು ಎರಡು ತೊಟ್ಟಿಗೆ ಹಂಚಿ, ಒಂದರ ಎದುರಿಗೆ ಗಾಜಿನಾಚೆ ಬಿಳಿ ಏಡಿಗಳನ್ನು ಬಿಟ್ಟಳು. ಕಿಟಕಿ ಬದಿಯ ತೊಟ್ಟಿಗೆ ಏನೂ ತೋರಿಸಲಿಲ್ಲ. ಮೊದಲಿನವು ಬಿಳಿ ಏಡಿ ಹಿಡಿಯಬೇಕು, ಏನೂ ಕಾಣದವು ಹುಟ್ಟುಗುಣದಂತೆ ಕರಿ ಏಡಿಗೆ ಹೋಗಬೇಕು. ಅದು ಅವಳ ಲೆಕ್ಕಾಚಾರ.

ಮರಿಗಳು ಹೊರಬಂದವು, ಉಗುರಿನಷ್ಟೇ ಗಾತ್ರ. ಬಿಳಿ ಏಡಿ, ಕರಿ ಏಡಿ ಒಟ್ಟಿಗೆ ಬಿಟ್ಟರೆ ಎರಡೂ ತೊಟ್ಟಿಯವು ಬಿಳಿ ಏಡಿಗೇ ಎಗರಿದವು! ಡಾಕ್ಟರಮ್ಮ ತಲೆಮೇಲೆ ಕೈಹೊತ್ತು ಕೂತಳು.

ಮರುದಿನ ಚಳಿ. ಮಸಿಯಕ್ಕ ಶಾಲು ಹೊದ್ದು ಒಳಗೆ ಬಂದಳು. ಡಾಕ್ಟರಮ್ಮ ಆ ಚುಕ್ಕಿಗಳನ್ನೇ ದಿಟ್ಟಿಸಿದಳು.

"ಅಕ್ಕಾ, ಈ ಶಾಲು ಎಲ್ಲಿಡ್ತೀರಿ?"

"ಹೆಗಲ ಮೇಲೆ. ಮಧ್ಯಾಹ್ನ ಮಾತ್ರ ಕೂಸುಗಳ ಮೇಲೆ."

"ಯಾವ ಕೂಸು?"

"ಕಿಟಕಿ ಕಡೇವು. ನೀವೆಲ್ಲ ಊಟಕ್ಕೆ ಹೋದಾಗ ಬಿಸಿಲು ನೇರ ಅವುಗಳ ಕಣ್ಣಿಗೇ ಬೀಳುತ್ತೆ. ಅವ್ವ ಬಳಿದ ಮಸಿ ತೆಳ್ಳಗಾಯ್ತು, ಅವ್ವನೂ ಇಲ್ಲ. ಯಾರಾದ್ರೂ ಹೊದೆಸಬೇಕಲ್ಲ, ಮಗಳೇ?"

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡಳು. "ಅಕ್ಕಾ, ಅವು ಏನೂ ನೋಡಬಾರದಿತ್ತು. ಬಿಳಿ ಬಿಳಿ ದುಂಡಗಿರೋದನ್ನ ದಿನಾ ತೋರಿಸಿಬಿಟ್ಟಿದೀರಿ. ಅದಕ್ಕೇ ಹೀಗಾಯ್ತು ಅಂತ ಆಣೆ ಮಾಡೋಕಾಗಲ್ಲ. ಆದ್ರೆ ಇದು ಲೆಕ್ಕಕ್ಕೆ ಬರಲ್ಲ, ಮತ್ತೆ ಮೊದಲಿಂದ."

ಮಸಿಯಕ್ಕ ಹೆಗಲಿಂದ ಶಾಲು ತೆಗೆದಳು. ಅದನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿ ಕಂಕುಳಲ್ಲಿ ಅಡಗಿಸಿದಳು.

ಸುದ್ದಿ ಸಂಶೋಧನಾಲಯದ ಮುಖ್ಯಸ್ಥ ಸಾಹೇಬರ ಕಿವಿಗೆ ಬಿತ್ತು. "ಆಕೇನ ಉಗ್ರಾಣಕ್ಕೆ ಹಾಕಿ. ಡಬ್ಬಗಳಿಗೆ ಬೇಕಾದ್ರೆ ಶಾಲು ಹೊದೆಸಲಿ," ಅಂದರು. ಮಸಿಯಕ್ಕ ಬಾಗಿಲ ಹೊರಗೇ ನಿಂತಿದ್ದಳು, ಎಲ್ಲ ಕೇಳಿಸಿತು. ಮೊಟ್ಟೆಕೋಣೆ ಬಿಟ್ಟರೆ ತನಗೆ ಇನ್ನೇನಿದೆ?

ಆಮೇಲೆ ಡಾಕ್ಟರಮ್ಮನ ದನಿ: "ಸರ್, ತಪ್ಪು ನಂದು. ಯಾಕೆ ಏನೂ ತೋರಿಸಬಾರದು ಅಂತ ನಾನು ಅವರಿಗೆ ಹೇಳೇ ಇರಲಿಲ್ಲ. ಇನ್ನೊಂದು ಹೆಣ್ಣು ಮೊನ್ನೆ ಮೊಟ್ಟೆ ಇಟ್ಟಿದೆ. ಅಕ್ಕ ಇದ್ರೆ ಅವು ಉಳೀತಾವೆ, ನನ್ನ ಕೆಲಸನೂ ಉಳಿಯುತ್ತೆ."

ಸಾಹೇಬರು ಗೊಣಗಿದರು. ಗೊಣಗಿದರೆ ಒಪ್ಪಿದಂತೆ ಎಂದು ಅಲ್ಲಿ ಎಲ್ಲರಿಗೂ ಗೊತ್ತು.

ಕಿಟಕಿಗೆ ಬೂದು ಪರದೆ ಬಂತು. ಶಾಲು ಬಾಗಿಲಾಚೆಯ ಮೊಳೆಗೆ ಹೋಯಿತು. ಹೊಸ ಮೊಟ್ಟೆಗಳು ಉಬ್ಬಿ, ಮಸಿ ತಿಳಿಯಾಗಿ, ಸಾಸಿವೆಯಂಥ ಕಣ್ಣುಗಳು ಮೂಡಿದವು. ಒಂದು ಬೆಳಿಗ್ಗೆ ಮಸಿಯಕ್ಕ ಸೊಂಟ ಹಿಡಿದುಕೊಂಡು ಉಪ್ಪುನೀರಿನ ಬಕೆಟ್ಟು ಎತ್ತುವುದನ್ನು ಕಂಡು ಡಾಕ್ಟರಮ್ಮ ಓಡಿಬಂದು ಹಿಡಿಗೆ ಕೈಹಾಕಿದಳು.

"ಬಿಡಿ ಅಕ್ಕಾ, ನಾನು ಹೊರ್ತೀನಿ. ನಾಳೆಯಿಂದ ನಿಮಗೊಬ್ಬರನ್ನ ಜೊತೆಗೆ ಹಾಕಿಸ್ತೀನಿ."

ಮಸಿಯಕ್ಕ ಬಕೆಟ್ಟು ಕೆಳಗಿಡಲಿಲ್ಲ. ತೊಟ್ಟಿಯ ಕಡೆ ಕಣ್ಣಲ್ಲೇ ತೋರಿಸಿ, ದನಿ ತಗ್ಗಿಸಿದಳು.

"ಕೈ ತೆಗಿ ಮಗಳೇ. ಒಳಗಿರೋವು ನೋಡ್ತಾ ಇದಾವೆ. ಮುದುಕಿ ಕೈಯಿಂದ ಬಕೆಟ್ಟು ಕಿತ್ಕೋಬಹುದು ಅಂತ ಹುಟ್ಟೋಕ್ ಮುಂಚೆನೇ ಕಲಿತುಬಿಟ್ರೆ, ಆಮೇಲೆ ನನ್ನ ಮಾತು ಯಾವುದು ಕೇಳುತ್ತೆ? ಬೇಡ. ನಾನೇ ಹೊರ್ತೀನಿ."