ಚಹಾದಂಗಡಿಯ ಮುಂದೆ ಅಮೃತಮ್ಮನ ಬೆಂಚು

ಅಮೃತಮ್ಮನ ಬೆಂಚು ಮುರಿಯುವ ಗಂಡಸು ಕಾಗಿಣಾ ನದಿಯ ಎರಡೂ ದಂಡೆಯಲ್ಲಿ ಹುಟ್ಟಿಲ್ಲ. ಆ ಶಹಾಬಾದ ಫರ್ಸಿ ಕಲ್ಲಿನ ಮೇಲೆ ಮಳಖೇಡದ ಕೋಟೆಯನ್ನೇ ತಂದು ಕೂಡಿಸಿದರೂ ಅದು ಮಿಸುಕುವುದಿಲ್ಲ. ೨೦೦೪ರ ಬೇಸಿಗೆಯಲ್ಲಿ ವಾಡಿಯಿಂದ ಚಿಂಚೋಳಿಯವರೆಗೆ ನಾವೆಲ್ಲ ಹೀಗೇ ಕೊಚ್ಚಿಕೊಳ್ಳುತ್ತಿದ್ದೆವು.

ಅಮೃತಮ್ಮ ಶಹಾಬಾದಿನಲ್ಲಿ ಫರ್ಸಿಗೆ ಪಾಲಿಶ್ ಮಾಡಿಸುವ ಸಣ್ಣ ಕಾರ್ಖಾನೆಯ ಒಡತಿ. ಗಂಡ ಹೋದಮೇಲೆ ಹದಿನೈದು ವರ್ಷ ಕಲ್ಲಿನ ಧೂಳು ಕುಡಿದವಳು. ಒಮ್ಮೆ ಕೆಮ್ಮಿದರೆ ಅರ್ಧ ಗೋಡೆ ಕಟ್ಟುವಷ್ಟು ಪುಡಿ ಬೀಳುತ್ತಿತ್ತು. ಅವಳ ಕಲ್ಲು ಪರ ಊರಿಗೆ ಹೋಗಬೇಕಾದರೆ ವಾಡಿಯ ದಲ್ಲಾಳಿ ಗೊಲ್ಲಾಳಪ್ಪನ ಕೈಯಿಂದಲೇ ಹೋಗಬೇಕು, ಅವನು ಹೇಳಿದ್ದೇ ದರ. ಒಮ್ಮೆ ಅವಳು ದರ ಸಾಲದು ಎಂದದ್ದಕ್ಕೆ ಅವಳ ಲಾರಿ ಡ್ರೈವರನ ಎರಡು ಹಲ್ಲು ಉದುರಿದವು.

ಆಗ ಊರಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಶ್ರೀವಾಣಿ ಅವಳಿಗೊಂದು ವೆಬ್‌ಸೈಟ್ ಮಾಡಿಕೊಟ್ಟು, ಅಂತರ್ಜಾಲದ ವ್ಯಾಪಾರದ ಪಟ್ಟಿಗಳಲ್ಲೆಲ್ಲ ಹೆಸರು ಸೇರಿಸಿದಳು. ಎರಡು ತಿಂಗಳಲ್ಲಿ ಅದನ್ನು ನೋಡಿದವರು ಇಬ್ಬರೇ: ಅಮೃತಮ್ಮ ಮತ್ತು ಶ್ರೀವಾಣಿ.

“ಬರೇ ಪೆಟಿಗ್ಯಾಗ ಇಟ್ರ ಯಾರ್ ನೋಡ್ತಾರವ್ವಾ? ಮಂದಿ ಕುಂದ್ರೋ ಜಾಗಾದಾಗ ಇಡಬೇಕು,” ಎಂದಳು ಅಮೃತಮ್ಮ. ಕಲ್ಲಿನ ಬೆಂಚು ಮಾಡಿಸಿ, ಒರಗುವ ಕಲ್ಲಿನ ಮೇಲೆ ವೆಬ್‌ಸೈಟಿನ ವಿಳಾಸ ಕೆತ್ತಿಸಿ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲಿ ಲಾರಿ ನಿಲ್ಲುವ ಚಹಾದಂಗಡಿಗಳಿಗೆ ಪುಕ್ಕಟೆ ಕೊಟ್ಟಳು. ಒರಗಿದವರ ಬೆನ್ನಿಗೆ ಅಕ್ಷರ ಎಷ್ಟು ಆಳ ಮೂಡುತ್ತಿತ್ತೆಂದರೆ, ಅಂಗಿ ಬಿಚ್ಚಿದ ಡ್ರೈವರುಗಳನ್ನು ಓದಿಯೇ ಹೈದರಾಬಾದಿನ ಮಂದಿ ನೇರ ಅವಳಿಗೆ ಫೋನ್ ಮಾಡಿದರು.

ದಲ್ಲಾಳಿ ತಪ್ಪಿದ್ದಕ್ಕೆ ಸಿಟ್ಟಾದ ಗೊಲ್ಲಾಳಪ್ಪನ ಮಂದಿ ಜೀಪಿನಲ್ಲಿ ಸುತ್ತಿಗೆ, ಹಾರೆ ತುಂಬಿಕೊಂಡು ಹೊರಟರು. ಕೋಟೆ ಹೊರುವ ಬೆಂಚು ವಾಡಿಯಲ್ಲಿ ಮೂರು ಏಟಿಗೆ ಹೋಳಾಯಿತು. ಚಿತ್ತಾಪುರದಲ್ಲಿ ಎರಡಕ್ಕೇ. ಸೇಡಂನಲ್ಲಿ ಅಂಗಡಿಯ ಶೌಕತ ಅಲಿ ಬೆಂಚಿನ ಮೇಲೆ ಅಂಗಾತ ಮಲಗಿಬಿಟ್ಟ.

“ಏಳೋ, ಇಲ್ಲಂದ್ರ ನಿನ್ನೂ ಕೂಡೇ ಒಡೀತೀವಿ.”

“ಗಿರಾಕಿ ಕುಂದ್ರೋ ಜಾಗಾ ಅದ. ಚಹಾ ಕುಡಿಯಂಗಿದ್ರ ಕುಡೀರಿ, ಇಲ್ಲಂದ್ರ ನಡೀರಿ.”

ಸುತ್ತಿಗೆ ಅವನ ಮೊಳಕಾಲಿನ ಮೇಲೇ ಇಳಿಯಿತು. ಹೆಂಡತಿ ರಹೀಮಾ ಕುದಿಯುವ ಚಹಾವನ್ನು ಒಬ್ಬನ ಮುಖಕ್ಕೆ ಎರಚಿದಳು. ಅವನ ಚೀರಾಟಕ್ಕೆ ದೂರದ ಕುಂಚಾವರಂ ಕಾಡಿನ ಮಂಗಗಳು ಮರ ಬದಲಿಸಿದವು. ಉಳಿದವರು ಶೌಕತನನ್ನು ಕೆಳಗೆಳೆದು ಕೂರುವ ಕಲ್ಲನ್ನು ಪುಡಿ ಮಾಡಿದರು.

ಸಂಜೆ ಅವರು ಅಮೃತಮ್ಮನ ಕಾರ್ಖಾನೆಗೆ ನುಗ್ಗಿದರು. ವೆಬ್‌ಸೈಟ್ ಕಂಪ್ಯೂಟರಿನ ಹೊಟ್ಟೆಯಲ್ಲೇ ಇರುತ್ತದೆಂದು ತಿಳಿದು ಅದನ್ನು ಜಜ್ಜಿ, ಕರುಳು ಕಿತ್ತಂತೆ ತಂತಿ ಕಿತ್ತು ತುಳಿದರು. ಅಡ್ಡ ಬಂದ ಅಮೃತಮ್ಮನ ಬಲಗೈಗೆ ಹಾರೆ ಬಿತ್ತು. ಎಲುಬು ಮುರಿದ ಸಪ್ಪಳವನ್ನು ನಾನು ಹೆಚ್ಚಿಸಿ ಹೇಳಲಾರೆ. ಸಣ್ಣ ಸಪ್ಪಳ, ಅಷ್ಟೇ.

ಮರುದಿನದ ಪತ್ರಿಕೆಯಲ್ಲಿ ಸೇಡಂ ಬೆಂಚಿನ ದೊಡ್ಡ ಫೋಟೊ ಬಂತು. ಕೆಳಗೆ ಪುಡಿ, ರಕ್ತ. ಮೇಲೆ ಒರಗುವ ಕಲ್ಲಿನಲ್ಲಿ ವಿಳಾಸ ಒಂದಕ್ಷರವೂ ಮುಕ್ಕಾಗದೆ ನಿಂತಿತ್ತು. ಆ ವಾರ ವೆಬ್‌ಸೈಟ್ ನೋಡಿದವರನ್ನು ಸಾಲು ನಿಲ್ಲಿಸಿದ್ದರೆ ಚಂದ್ರಂಪಳ್ಳಿ ಕೆರೆಗೆ ಮೂರು ಸುತ್ತು ಬರುತ್ತಿತ್ತು.

ಫೋಟೊ ಬಂದಮೇಲೆ ಪೊಲೀಸರು ಹಿಡಿದಿದ್ದ ಗೊಲ್ಲಾಳಪ್ಪ ಜಾಮೀನಿನ ಮೇಲೆ ಹೊರಬಂದವನೇ ನೇರ ಕಾರ್ಖಾನೆಯ ಬಾಗಿಲಿಗೆ ಬಂದು ನಿಂತ.

“ಅಕ್ಕಾ, ಆ ವೆಬ್‌ಸೈಟ್ ಬಂದ್ ಮಾಡು. ನಿನಗ ಇನ್ನೊಂದ್ ಕೈ ಅದ, ಖ್ಯಾಲ್ ಇರ್ಲಿ.”

ಅಮೃತಮ್ಮ ಎಡಗೈಯಿಂದ ಹೊಸ ಗಿರಾಕಿಯ ಅಳತೆ ಬರೆದುಕೊಳ್ಳುತ್ತಿದ್ದಳು. ಬರೆದು ಮುಗಿಸಿ ತಲೆಯೆತ್ತಿದಳು.

“ಚಿಂಚೋಳಿ ಬೆಂಚು ಇನ್ನಾ ಉಳದದ ತಮ್ಮಾ. ಯಾವಾಗ ಒಡೀತಿ ಮೊದಲೇ ಹೇಳು, ಫೋಟೊದವರನ್ನ ಕಳಸ್ತೀನಿ.”