ಪೇಟಿಯ ಮೇಲಿನ ಚಹಾದ ಕಪ್ಪು

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ನನ್ನ ಪೇಟಿಯ ಹೊದಿಕೆ ನೋಡಿದರೆ ನೀವು ನಕ್ಕೇ ನಗುತ್ತೀರಿ. ಅದೊಂದು ಚಹಾಪುಡಿ ಕಂಪನಿಯ ಫ್ಲೆಕ್ಸ್ ಬ್ಯಾನರು. ಒಂದು ಮಗ್ಗುಲಲ್ಲಿ ಹಬೆಯಾಡುವ ಚಹಾ ಕಪ್ಪಿನ ಚಿತ್ರ, ಇನ್ನೊಂದರಲ್ಲಿ ಬರೀ ಬಿಳಿ. ಊರಲ್ಲಿ ಇಂಥವು ಕೊನೆಗೆ ಮೇವಿನ ಬಣವೆಯನ್ನೇರುತ್ತವೆ. ಇದು ನನ್ನ ಪೇಟಿಯನ್ನೇರಿತು. ನಿನ್ನೆಯವರೆಗೂ ಕಪ್ಪನ್ನು ಒಳಗೆ ಮಾಡಿಯೇ ಹೊದಿಸುತ್ತಿದ್ದೆ. ಸಿಟ್ಟು, ಮತ್ತೇನು?

ಸಾಲಹಳ್ಳಿಯಲ್ಲಿ ನಮ್ಮದೊಂದು ಸಣ್ಣಾಟದ ಮೇಳ; ಸಣ್ಣಾಟವೆಂದರೆ ಹಾಡು ಕುಣಿತದ ಹಳ್ಳಿ ನಾಟಕ. ಅದರ ಹಿರಿಯಳು ಚನ್ನವ್ವ. ಹಾಡೂ ಅವಳದೇ, ಕುಣಿತವೂ ಅವಳದೇ. ಕೆಲವು ವರ್ಷ ಆಟ ನಿಂತೇ ಹೋಗಿತ್ತು. ಹೋದ ವರ್ಷ "ಈ ಸಲಾನೂ ತಪ್ಪಿತಂದ್ರ ಮೇಳ ಮುರದಂಗ, ಮಾಸ್ತರ" ಎಂದು ಅವಳು ಕಣ್ಣೊರೆಸಿಕೊಂಡಾಗ ನಾನೇ ಬೈಲಹೊಂಗಲಕ್ಕೆ ಹೋಗಿ ಆ ಚಹಾ ಕಂಪನಿಯನ್ನು ಕೇಳಿದ್ದೆ. ಮೈಕು, ದೀಪ, ಎಲ್ಲ ಕೊಡುತ್ತೇವೆಂದರು. ಹಿಗ್ಗಿ ಮನೆಗೆ ಬಂದೆ.

ಆಟದ ಸಂಜೆ ಕಂಪನಿಯ ಪರವಾಗಿ ಬಂದವನು ಸವದತ್ತಿಯ ದಸ್ತಗೀರ, ಮೆತ್ತಗಿನ ಮಾತಿನ ಹುಡುಗ. ಬಂದವನೇ ಬ್ಯಾನರನ್ನು ರಂಗದ ಮುಂದೆ ಮೊಳಕಾಲೆತ್ತರಕ್ಕೆ ಕಟ್ಟಿದ. ಚಾಪೆ ಹಾಸಿ ನೆಲದಲ್ಲಿ ಕುಳಿತ ಜನಕ್ಕೆ ಇನ್ನು ಗೆಜ್ಜೆ ಕಟ್ಟಿದ ಕಾಲು ಕಾಣುವುದು ಹೇಗೆ? ಸಾಲದ್ದಕ್ಕೆ ಪ್ರತಿ ಹಾಡಿಗೂ ಮೊದಲು ಕಂಪನಿಯ ಹೆಸರು ಕೂಗಬೇಕಂತೆ.

ನಮ್ಮಲ್ಲಿ ಆಟಕ್ಕೆ ಕೊಡುವ ಕಾಣಿಕೆಗೆ ಆಯೇರಿ ಎನ್ನುತ್ತೇವೆ. ಕೊಟ್ಟವರು ಗೌಡರಿರಲಿ, ದನ ಕಾಯುವವರಿರಲಿ, ಹೆಸರು ಕರೆಯುವುದು ಒಂದೇ ಸಲ. ಚನ್ನವ್ವ ಗೆಜ್ಜೆ ಬಿಚ್ಚಿ ಪಕ್ಕಕ್ಕಿಟ್ಟಳು.

"ತಮ್ಮಾ, ಒಮ್ಮೆ ಕರೀತೇನಿ. ಹಾಡ ಕಡದು ಕಡದು ಕರಿಯಾಕ ನನಗ ಬಾಯಿ ಬರಂಗಿಲ್ಲ."

ಅವನು ಮಾಲೀಕರಿಗೆ ಫೋನು ಹಚ್ಚಿದ. ಮಾತಾಡುತ್ತಲೇ ಮುಖ ಕಪ್ಪಿಟ್ಟಿತು. "ಇಲ್ಲಾಂದ್ರ ಮೈಕು ಬಿಚ್ಚಗೊಂಡು ಬಾ ಅಂತಾರ್ರಿ ಮಾಸ್ತರ. ನನ್ನ ನೌಕರಿ ಪ್ರಶ್ನೆ ಐತ್ರಿ."

ಮುಂದೆ ಜನ ಕಾಯುತ್ತಿದ್ದರು, ಚನ್ನವ್ವ ಮುಖ ತಿರುಗಿಸಿ ಕುಳಿತಿದ್ದಳು. ಹೆಸರಿಗೆ ಇಷ್ಟೊಂದು ಹಸಿವೇಕೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಮನೆಗೆ ಬಂದ ಬೀಗರು ಹೊಸ್ತಿಲಲ್ಲೇ ಅಡ್ಡ ನಿಂತು "ನಾವು ಬಂದೇವಿ, ನಾವು ಬಂದೇವಿ" ಎನ್ನುತ್ತಿದ್ದರೆ ಅವರಿಗೆ ಉಣಬಡಿಸುವುದಾದರೂ ಎಲ್ಲಿ?

ದಸ್ತಗೀರ ಎದ್ದು ಬ್ಯಾನರಿನ ಹಗ್ಗ ಬಿಚ್ಚತೊಡಗಿದ. ಆಟ ಮುಗಿಯಿತು ಅಂದುಕೊಂಡೆ. ಅವನು ಅದನ್ನು ಮಡಿಸಿ, ಮೈಕಿನತ್ತ ಹೋಗದೆ ನೆಟ್ಟಗೆ ನನ್ನ ಬಳಿ ಬಂದ. "ಧೂಳ ಭಾಳ ಐತ್ರಿ, ಪೇಟಿಗೆ ಹೊಚ್ಚಾಕ ಆಗತೈತಿ" ಎಂದು ನನ್ನ ತೊಡೆಯ ಮೇಲಿಟ್ಟ. ಆಮೇಲೆ ಚೀಲದಿಂದ ಒಂದು ಪೊಟ್ಟಣ ಚಹಾಪುಡಿ ತೆಗೆದು ಆಯೇರಿ ತಟ್ಟೆಯಲ್ಲಿಟ್ಟ.

"ಯಾರ ಹೆಸರಲೆ ಕರೀಲಿ?" ಚನ್ನವ್ವ ಕೇಳಿದಳು.

"ಮನಿ ಮಂದಿ ಅಂತ ಕರೀರಿ ಅವ್ವಾ. ಮಾಲೀಕರಿಗೆ ನಾ ಹೇಳಕೋತೇನಿ."

ಅವಳು ಗೆಜ್ಜೆ ಕಟ್ಟಿಕೊಂಡು ಎದ್ದಳು. "ಮನಿ ಮಂದಿ ಚಹಾ ಆಯೇರಿ ಮಾಡ್ಯಾರ" ಎಂದು ಒಂದೇ ಸಲ ಕರೆದು ಹಾಡು ಎತ್ತಿದಳು. ಪೇಟಿ ನುಡಿಸುವ ನನ್ನ ಬೆರಳು ಎರಡು ಕಡೆ ತಪ್ಪಿದವು, ಕಣ್ಣು ಮಂಜಾಗಿತ್ತು.

ಮಾಲೀಕರು ಅವನನ್ನು ಚೆನ್ನಾಗಿಯೇ ಬೈದರಂತೆ. ನನಗೂ ಕಂಪನಿಯ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೆ ಮೊನ್ನೆ ರಾಮದುರ್ಗದ ಪೇಟೆಯಲ್ಲಿ ಉಪ್ಪು ಕೊಳ್ಳುತ್ತ ನಿಂತಿದ್ದಾಗ ಸಾಲಹಳ್ಳಿಯ ಹೆಣ್ಣುಮಗಳೊಬ್ಬಳು ಅಂಗಡಿಯವನಿಗೆ "ಆ ಮನಿ ಮಂದಿ ಚಹಾ ಕೊಡ್ರಿ" ಎಂದಳು. ಅವನು ತಡವರಿಸದೆ ಅದೇ ಕಂಪನಿಯ ಪೊಟ್ಟಣವನ್ನು ತೆಗೆದುಕೊಟ್ಟ. ಕಂಪನಿ ಗೋಡೆಗೋಡೆಗೆ ಬರೆಸಿದರೂ ಜನರ ಬಾಯಿಗೆ ಬಾರದಿದ್ದ ಚಹಾ, ಬ್ಯಾನರು ರಂಗದ ಮುಂದಿನಿಂದ ಸರಿದಮೇಲೆ ಹೊಸ ಹೆಸರಿನಲ್ಲಿ ಬಾಯಿಗೆ ಬಂದಿತ್ತು. ಈ ವರ್ಷದ ಆಟಕ್ಕೂ ಮೈಕು ಬರುತ್ತದಂತೆ, ಬ್ಯಾನರು ಇಲ್ಲವಂತೆ. ದಸ್ತಗೀರನೇ ಫೋನು ಮಾಡಿದ್ದ.

ಇವತ್ತು ಬೆಳಿಗ್ಗೆ ಪೇಟಿ ಒರೆಸಿ ಹೊದಿಕೆಯನ್ನು ಮತ್ತೆ ಹೊದಿಸಿದೆ. ಯಾರೂ ಹೇಳಿರಲಿಲ್ಲ; ಕಪ್ಪನ್ನು ಹೊರಗೆ ಮಾಡಿದೆ.