ಓನರಮ್ಮನ ಅಡುಗೆಮನೆ ಫೋನು

ಅವರ ಎಡಗಿವಿಯಲ್ಲಿ ಬಿಳಿಕಲ್ಲಿನ ಓಲೆ, ಬಲಗಿವಿ ಬೋಳು. ಬಲಗಡೆ ಓಲೆ ಕಳಚಿ ಸೆರಗಿಗೆ ಸಿಕ್ಕಿಸಿಕೊಂಡಿದ್ದಾರೆ ಅಂದರೆ, ಹಾಲಿನ ಫೋನಿಗೇ ಜೋಡಿಸಿದ ಅಡುಗೆಮನೆಯ ಪ್ಯಾರಲಲ್ ಫೋನಿನಲ್ಲಿ ಯಾವುದೋ ಹುಡುಗಿಯ ಮಾತು ಕದ್ದು ಕೇಳುತ್ತಿದ್ದಾರೆ ಅಂತ ಅರ್ಥ. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಯೂನಿವರ್ಸಿಟಿ ಹುಡುಗಿಯರಿಗೆ ಪೀಜಿ ನಡೆಸುತ್ತಿದ್ದ ಓನರಮ್ಮ ಇವರು. ನನಗೆ ಇವರನ್ನು ಕಂಡರಾಗುತ್ತಿರಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಮಡಿಕೇರಿ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಸಾರಿ, ಸಿಸ್ಟರ್.

ಹುಡುಗಿಯರ ಕೈಗೆ ಮೊಬೈಲ್ ಇನ್ನೂ ಬಂದಿರಲಿಲ್ಲ. ಊರಿಂದ ಫೋನ್ ಬಂದರೆ ಹಾಲಿನಲ್ಲೇ ನಿಂತು ಮಾತಾಡಬೇಕು. "ನನ್ನ ಮನೇಲಿ ಕಳ್ಳಭಾಷೆ ನಡೆಯಲ್ಲ ಕಣ್ರೇ," ಅನ್ನುತ್ತಿದ್ದರು. ತಮಿಳು, ತೆಲುಗು ಅವರಿಗೆ ಮೊದಲೇ ಬರುತ್ತಿತ್ತು. ಹುಡುಗಿಯರು ಹಿಂದಿಗೆ ಹೊರಳಿದರು. ಈಯಮ್ಮ ಸೀರಿಯಲ್ ನೋಡಿ ಅದನ್ನೂ ಕಲಿತುಬಿಟ್ಟರು. ವಾಟ್ ಎ ವೇಸ್ಟ್ ಆಫ್ ಟ್ಯಾಲೆಂಟ್! ಕೇಳಿದ್ದೆಲ್ಲ ಅಪ್ಪಂದಿರಿಗೆ ರಿಪೋರ್ಟ್.

ಕೊನೆಗೆ ಹುಡುಗಿಯರು ಕೊಡಗಿನ ರೂಮ್‌ಮೇಟ್ ಹತ್ತಿರ ಕೊಡವ ಭಾಷೆ ಕಲಿತರು. ಬಿಜಾಪುರದವಳು, ನೆಲ್ಲೂರಿನವಳು, ಎಲ್ಲರೂ! ಬಾತ್‌ರೂಮ್ ಕ್ಯೂನಲ್ಲಿ, ಊಟದ ಟೇಬಲ್ಲಿನಲ್ಲಿ ಅದೇ. ಓನರಮ್ಮನ ನಿದ್ದೆ ಹಾರಿಹೋಯಿತು.

ಒಂದು ಶುಕ್ರವಾರ ಕಾಂಪೌಂಡಿನಾಚೆಯಿಂದ ಕೂಗಿದರು. "ರೀ ಇವ್ರೇ, ನೀವು ಮಡಿಕೇರಿಲಿ ಓದಿದೋರಲ್ವಾ? ಬೇಗ ಬನ್ನಿ."

ಹೋದೆ. ರಿಸೀವರನ್ನು ನನ್ನ ಕಿವಿಗೆ ಒತ್ತಿದರು. ಹಾಲಿನಲ್ಲಿ ಬಿಜಾಪುರದವಳು, ಊರಿಗೆ ಹೋಗಿದ್ದ ಕೊಡಗಿನ ಗೆಳತಿಯ ಜೊತೆ ಮಾತಾಡುತ್ತಿದ್ದಳು. ಭಾನುವಾರ ಅವಳನ್ನು ನೋಡಲು ಬಿಜಾಪುರಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಅದೇ ದಿನ ಇಲ್ಲಿ ಎಂಎಸ್ಸಿ ಎಂಟ್ರೆನ್ಸ್. ಶನಿವಾರ ಓನರ್ ಆಂಟಿ ಎದುರಿಗೇ ಬಸ್ಸು ಹತ್ತುತ್ತೇನೆ, ಊರು ದಾಟುವ ಮೊದಲೇ ಗೊರಗುಂಟೆಪಾಳ್ಯದಲ್ಲಿ ಇಳಿದುಬಿಡುತ್ತೇನೆ, ಪರೀಕ್ಷೆ ಬರೆದೇ ಬರೆಯುತ್ತೇನೆ ಅನ್ನುತ್ತಿದ್ದಳು. ಭಾಷೆ ಕೊಡವರದು, ರಾಗ ಮಾತ್ರ ಅಪ್ಪಟ ಬಿಜಾಪುರ. ಮಡಿಕೇರಿ ಬೋರ್ಡಿಂಗಿನ ಕೊಡವ ಗೆಳತಿಯರು ಚೆದುರಿದ ಮೇಲೆ ಆ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

"ಏನಂತ್ರೀ?" ಓನರಮ್ಮ ತಿವಿದರು.

"ನಿಮ್ಮ ಸಾರಿಗೆ ಉಪ್ಪು ಜಾಸ್ತಿಯಂತೆ."

"ಇಷ್ಟುದ್ದ ಮಾತು ಬರೀ ಉಪ್ಪಿಗಾ?"

"ಹುಳಿನೂ ಕಮ್ಮಿಯಂತೆ."

ಶನಿವಾರ ಸಂಜೆ ಓನರಮ್ಮ ಖುದ್ದಾಗಿ ಬಸ್ಸು ಹತ್ತಿಸಿ, ಕೈ ಬೀಸಿ ಬಂದರು. ಭಾನುವಾರ ಬೆಳಗ್ಗೆ ಅವಳಪ್ಪನ ಫೋನ್: ಪರೀಕ್ಷೆಗೆ ಅಂತ ದಾರಿಯಲ್ಲೇ ಇಳಿದೆ ಅಂತ ಅವಳೇ ಬೂತಿನಿಂದ ಹೇಳಿದಳಂತೆ. ಮರುನಿಮಿಷ ಓನರಮ್ಮ ನಮ್ಮ ಗೇಟಿನಲ್ಲಿ.

"ಉಪ್ಪು ಅಂದ್ರಲ್ರೀ! ಇಷ್ಟು ವಯಸ್ಸಾಗಿ ನಾಚಿಕೆ ಆಗಲ್ವಾ?"

"ಆಗುತ್ತೆ. ನಿಮ್ಮ ಫೋನು ಕಿವಿಗಿಟ್ಕೊಂಡಿದ್ದಕ್ಕೆ."

ಆ ಹೊತ್ತಿಗೆ ಹುಡುಗಿ ಪರೀಕ್ಷೆ ಬರೆಯುತ್ತಿದ್ದಳು. ಅವಳಿಗೆ ಸೀಟು ಸಿಕ್ಕಿತು. ಪೀಜಿಯಿಂದ ಟ್ರಂಕು ಹೊರಗೆ ಬಿತ್ತು. ನಮ್ಮ ಮಹಡಿ ರೂಮಿಗೆ ಎತ್ತಿಸಿದೆ.

ಓನರಮ್ಮ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ತೀರಿಕೊಂಡಾಗ ನಾನೂ ಹೋಗಲಿಲ್ಲ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಪಕ್ಕದ ಟೆರೇಸಿನ ಮೇಲೆ ಹೊಸ ಹುಡುಗಿಯರು ಇಂಗ್ಲಿಷು, ಹಿಂದಿ ಅಷ್ಟರಲ್ಲೇ ಆರಾಮವಾಗಿದ್ದರು. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬೇಕೇ ಆಗಲಿಲ್ಲ. ಆ ಹೆಂಗಸಿನ ಕಾಟಕ್ಕೆ ಅಂದಿನ ಹುಡುಗಿಯರು ಕೊಡವ ಭಾಷೆ ಕಲಿತಷ್ಟು ಪ್ರೀತಿಯಿಂದ ಯಾರೂ ಏನನ್ನೂ ಕಲಿತದ್ದು ನಾನು ಮತ್ತೆ ಕಾಣೆ. ಅಷ್ಟರ ಮಟ್ಟಿಗೆ, ಹಲ್ಲು ಕಚ್ಚಿಕೊಂಡೇ, ನಾನು ಅವರಿಗೆ ಋಣಿ.